ಹಿರಿಯರ ಮೋರಿ

ಕೆರೆಯೊಂದರ ದಂಡೆಗೆ ಒಂದು ಊರಿತ್ತು. ಅದಕ್ಕೆ ಹೆಸರಿತ್ತೋ ಏನೋ, ಅಲ್ಲಿದ್ದವರು ಯಾರೂ ಅದನ್ನು ಹೆಸರು ಹಿಡಿದು ಕರೆದಿದ್ದಿಲ್ಲ. ಊರು ಅಂದರೆ ಅದೇ ಊರು.

ಊರು ಇಳಿಜಾರಿನಲ್ಲಿತ್ತು. ಮೇಲುಬೀದಿ, ನಡುಬೀದಿ, ಕೆಳಬೀದಿ, ಆಮೇಲೆ ಕೆರೆ. ಎಲ್ಲಕ್ಕೂ ಒಂದೇ ಮೋರಿ. ಮೇಲಿನ ಮನೆಯ ನೀರು ಕೆಳಗಿನ ಮನೆಯ ಮುಂದೆ ಹಾದು ಹೋಗಲೇಬೇಕು. ಅಕ್ಕಿ ತೊಳೆದ ನೀರು, ಬಾಣಂತಿ ಮಿಂದ ನೀರು, ಬಣ್ಣ ಬಿಡುವ ಹೊಸ ಸೀರೆಯ ನೀರು. ಯಾರ ಮನೆಯಲ್ಲಿ ಏನಾಯಿತು ಅಂತ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಮೋರಿ ನೋಡುತ್ತಿದ್ದರು.

ಒಂದು ನೀರನ್ನು ಮಾತ್ರ ಕೂಡಲೇ ಮೋರಿಗೆ ಬಿಡುತ್ತಿರಲಿಲ್ಲ. ಸತ್ತವರಿಗೆ ಮೀಯಿಸಿದ ನೀರು. ಅದರಲ್ಲಿ ಒಂದು ಬಿಂದಿಗೆ ಹಿಡಿದು, ಅರಿಶಿನ ಕದಡಿ, ಆ ಮನೆಯ ಬಾಗಿಲ ಪಕ್ಕ ಇಡಬೇಕು. ಊರಲ್ಲಿ ಯಾವಾಗಲೂ ಒಂದೇ ಬಿಂದಿಗೆ. ಮುಂದಿನ ಸಾವು ಬಂದಾಗ ಹಳೆಯದನ್ನು ಮೋರಿಗೆ ಸುರಿದುಬಿಡುವುದು. ಹೊಸ ಮನೆಯ ಬಾಗಿಲಲ್ಲಿ ಹೊಸ ಬಿಂದಿಗೆ ಕೂರುವುದು.

ಊರಿನ ಕೆಲಸ ಏನೇ ಬರಲಿ, ಅದರ ಗುತ್ತಿಗೆ ಯಾರಿಗೆ ಅನ್ನುವುದನ್ನು ಬಿಂದಿಗೆ ಮನೆಯವರೇ ತೀರ್ಮಾನಿಸಬೇಕು. ಅವರಿಗೆ ಬೇಕಾದದ್ದು ಹೋಗಿಬಿಟ್ಟಿದೆ, ಇನ್ನು ಯಾರು ಏನು ಕೊಟ್ಟು ಅವರನ್ನು ಒಲಿಸಿಕೊಂಡಾರು ಅಂತ ಊರಿನ ಲೆಕ್ಕ.

ತೀರ್ಮಾನವನ್ನು ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ. ಬಿಂದಿಗೆಯ ನೀರನ್ನು ಮೋರಿಯ ತಲೆಯಲ್ಲಿ, ಮೇಲುಬೀದಿಯ ಮೊದಲ ಮನೆ ಮುಂದೆ ಸುರಿಯಬೇಕು. ಕೆಲಸ ಹಿಡಿಯುವವರು ಮೋರಿಯ ಬಾಯಲ್ಲಿ, ಕೆರೆಯ ಹತ್ತಿರ, ಬೊಗಸೆ ಒಡ್ಡಿ ಕೂರಬೇಕು. ಆ ನೀರು ಒಂಟಿಯಾಗಿ ಹೋಗಬಾರದು ಅಂತ ದಾರಿಯ ಪ್ರತಿ ಮನೆಯವರೂ ಒಂದೊಂದು ತಂಬಿಗೆ ನೀರು ಜೊತೆಗೆ ಬಿಡಬೇಕು. ಅರಿಶಿನದ ನೀರು ಬೊಗಸೆ ಮುಟ್ಟಿದರೆ ಗುತ್ತಿಗೆ ಆಯಿತು. ನಡುವೆ ನಿಂತುಹೋದರೆ ಇಲ್ಲ. ಇನ್ನೊಂದು ಬಿಂದಿಗೆ ಬರುವ ತನಕ, ಅಂದರೆ ಇನ್ನೊಂದು ಸಾವಾಗುವ ತನಕ, ಆ ಕೆಲಸದ ಮಾತೆತ್ತುವಂತಿಲ್ಲ. ನೀರು ಸುರಿಯುವ ಮುಂಚೆ ಮೋರಿಗೆ ಗುದ್ದಲಿ ಹಾಕುವಂತೆಯೂ ಇಲ್ಲ.

ಇದು ಆ ಊರಿನ ಕಟ್ಟಳೆ.

ಹಗ್ಗದವನ ಹೆಂಡತಿ ಹೋದಳು.

ಹಗ್ಗದವನ ಮನೆ ನಡುಬೀದಿಯಲ್ಲಿ. ಅವನು ಹಿತ್ತಲಲ್ಲಿ ಹಗ್ಗ ಹೊಸೆಯುತ್ತಿದ್ದ. ಹಗ್ಗ ಹೊಸೆಯುವವನು ಹಿಂದೆ ಹಿಂದೆ ನಡೆಯಬೇಕು. ಕಣ್ಣೆದುರು ಹಗ್ಗ ಉದ್ದವಾಗುತ್ತ ಹೋಗುತ್ತದೆ, ಬೆನ್ನಿಗೆ ಏನಿದೆ ಅಂತ ಕಾಣುವುದಿಲ್ಲ. ಬೆಳಗಾದರೆ ಅವನು ಹಿತ್ತಲಿಗೆ, ಅವಳು ಬೀದಿ ಬಾಗಿಲಿಗೆ. ಅಲ್ಲಿ ಅವಳು ಯಾರ ಹತ್ತಿರವೋ ಮಾತಾಡುವುದು ಅವನ ಕಿವಿಗೆ ಬೀಳುತ್ತಿತ್ತು.

"ನಡಿಯವ್ವ. ನಡಿ. ಇಲ್ಲೇ ಕೂತ್ರೆ ಹೆಂಗೆ?"

ಒಂದು ಸಲ ಕೇಳಿದ್ದ. "ಯಾರೇ ಅದು, ದಿನಾ ಬಂದು ಕೂರೋಳು?"

"ಇದಾಳೆ ಒಬ್ಬಳು. ಹಠಮಾರಿ," ಅಂದಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಒಲೆ ಮುಂದೆ ಕೂತಿದ್ದಳು.

ಅವನು ಮತ್ತೆ ಕೇಳಲಿಲ್ಲ. ಹೆಂಗಸರ ಮಾತು ಹೆಂಗಸರಿಗೆ ಅಂದುಕೊಂಡ.

ಈಗ ಅವಳ ಬಿಂದಿಗೆ ಬಾಗಿಲ ಪಕ್ಕ ಇತ್ತು. ಮಣ್ಣಿನ ಬಿಂದಿಗೆ ಬೆವರುತ್ತದೆ. ಅವನು ಅವಳ ಹಳೆ ಸೀರೆಯ ಚೂರಿನಿಂದ ಅದರ ಮೈ ಒರೆಸುತ್ತಿದ್ದ. ಒರೆಸಿದ ಬಟ್ಟೆಯನ್ನು ಹಿಂಡಿ ಬಿಂದಿಗೆಗೇ ಬಿಡುತ್ತಿದ್ದ. ಮುಚ್ಚಳ ತೆಗೆದು ನೋಡುತ್ತಿದ್ದ. ಆದರೂ ನೀರು ಇಳಿಯುತ್ತಿತ್ತು. ದಿನ ಹೋದಹಾಗೆ ಅರಿಶಿನ ಒಂದೊಂದು ಗೆರೆಯಾಗಿ ಒಳಗೋಡೆಗೆ ಅಂಟಿಕೊಳ್ಳುತ್ತಿತ್ತು.

ಊರಲ್ಲಿ ಯಾರೂ ಸಾಯದಿರಲಪ್ಪ ಅಂತ ಅವನು ಬೇಡಿಕೊಳ್ಳುತ್ತಿದ್ದ. ಕೇಳಿದವರು, ಎಂಥ ದೊಡ್ಡ ಮನಸ್ಸು ನೋಡು, ಅಂದರು. ಅವನು ತಲೆ ಬಗ್ಗಿಸಿದ.

ಅವನ ಮನೆ ಮುಂದೆ ಹಾದುಹೋಗುವ ಮೋರಿಯ ತುಂಡಿಗೆ ಹಿರಿಯರ ಮೋರಿ ಅಂತ ಹೆಸರು. ಊರಿನ ಮೋರಿಯೆಲ್ಲ ಕೊಚ್ಚೆ ಕಟ್ಟಿದರೂ ಆ ತುಂಡು ಎಂದೂ ಕಟ್ಟಿದ್ದಿಲ್ಲ. ತಳ ಕನ್ನಡಿ ಹಾಗೆ. ಹಿರಿಯರ ಕೈ ಅಂದರೆ ಹೀಗಿರಬೇಕು ಅಂತ ವರ್ಷಕ್ಕೊಮ್ಮೆ ಊರೆಲ್ಲ ಬಂದು ಅಲ್ಲಿನ ಚಪ್ಪಡಿಗೆ ಕುಂಕುಮ ಇಟ್ಟು, ಕಾಯಿ ಒಡೆದು, ಕೈಮುಗಿದು ಹೋಗುತ್ತಿದ್ದರು. ಹಗ್ಗದವನ ಹೆಂಡತಿಯೂ ಕುಂಕುಮ ಇಡುತ್ತಿದ್ದಳು. ಕಾಯಿಯ ಹೋಳು ಎಲ್ಲರಿಗೂ ಹಂಚಿ ಆದಮೇಲೆ, ಚಿಪ್ಪು ನನಗಿರಲಿ, ಅಂತ ಕೇಳಿ ಇಸಿದುಕೊಳ್ಳುತ್ತಿದ್ದಳು.

ಅವಳು ಹೋದಮೇಲೆ ಹಿರಿಯರ ಮೋರಿ ಕಟ್ಟಿಕೊಂಡಿತು.

ಹಿರಿಯರಿಗೆ ಕೋಪ ಬಂದಿದೆ ಅಂದರು. ಚಪ್ಪಡಿಗೆ ಇನ್ನಷ್ಟು ಕುಂಕುಮ ಬಿತ್ತು. ನೀರು ಮಾತ್ರ ಅಲ್ಲೇ ನಿಂತು, ದಂಡೆ ಹತ್ತಿ, ಬೀದಿಗಿಳಿದು, ಕೆಳಬೀದಿಯ ಮನೆಗಳಿಗೆ ನುಗ್ಗಿತು. ಕೆರೆಗೆ ಹೋಗಬೇಕಾದ್ದು ಅಡಿಗೆ ಮನೆಗೆ ಹೋಯಿತು.

ಕೆಳಬೀದಿಯ ಮುದುಕಿ ಕೋಲೂರಿಕೊಂಡು ಹತ್ತಿ ಬಂದಳು. ಹಗ್ಗದವನು ಬಿಂದಿಗೆ ಒರೆಸುತ್ತ ಕೂತಿದ್ದ.

"ಒರೆಸು ಮಗಾ, ಚೆನ್ನಾಗಿ ಒರೆಸು. ನಮ್ಮ ಮನೆ ಒಲೇಲಿ ಕಪ್ಪೆ ಕೂತದೆ. ನಿನ್ನೆ ಒಗ್ಗರಣೆ ಹಾಕೋಕೆ ಹೋದ್ರೆ ನನ್ನನ್ನೇ ಗದರಿಸ್ತು."

"ನೋಡೋಣ ಅಜ್ಜಿ."

"ನೋಡ್ತಾ ಇರು. ಮಳೆಗಾಲ ಬಾಗಿಲಿಗೆ ಬಂದದೆ. ಆಮೇಲೆ ಕೆಳಬೀದಿ ಇರಲ್ಲ, ಕೆರೇನೇ ಇರ್ತದೆ. ಮೋರಿ ಕೆಲಸ ಯಾರಿಗೋ ಒಬ್ಬರಿಗೆ ಕೊಟ್ಟು ಸುರಿದುಬಿಡೋ."

ಅವನು ಬಟ್ಟೆ ಹಿಂಡಿ ಬಿಂದಿಗೆಗೆ ಬಿಟ್ಟ.

"ನಾನೇ ಮುಳುಗಿ ಸತ್ರೆ ನೀನು ಹೆಂಗೂ ಸುರೀಲೇಬೇಕು. ಅದಾದ್ರೂ ನೆನಪಿರ್ಲಿ," ಅಂದಳು ಮುದುಕಿ. ಇಳಿಯುವಾಗ ಬಿಂದಿಗೆಗೆ ಒಮ್ಮೆ ಕೈ ಮುಗಿದಳು. ಬಂಗಾರದಂಥೋಳು, ಅಂತ ಗೊಣಗಿದಳು.

ಊರಿನ ಸಾರುವವನು ತಮಟೆ ಬಡಿದು ಸಾರಿದ. ಮೋರಿ ಕೆಲಸ ಹಿಡಿಯುವವರು ಬರಬಹುದು, ಬಿಂದಿಗೆ ಮನೆಯಲ್ಲಿ ಮಾತಾಡಬಹುದು.

ಮೊದಲು ಬಂದವನು ಕಲ್ಲಿನವನು.

ಕಲ್ಲಿನವನ ಕೆಲಸ ದೊಡ್ಡದು. ಅವನು ಕಟ್ಟಿದ ಮೆಟ್ಟಿಲುಗಳಲ್ಲಿ ಮಳೆ ಬಿದ್ದರೆ ಮುಖ ಕಾಣುತ್ತದೆ ಅನ್ನುತ್ತಿದ್ದರು. ಅವನು ಹಿರಿಯರ ಮೋರಿಯ ಚಪ್ಪಡಿ ಮುಟ್ಟಿ ಕಣ್ಣಿಗೊತ್ತಿಕೊಂಡ.

"ಇದಕ್ಕೆ ನಾನು ಕೈ ಹಚ್ಚಲ್ಲಪ್ಪ. ಹೂಳು ಎತ್ತಿದ್ರೆ ಸಾಕು. ಇಲ್ಲಿಂದ ಕೆಳಕ್ಕೆ ಕೆರೆವರೆಗೂ ಗೀಸಿದ ಕಲ್ಲು ಹಾಕ್ತೀನಿ. ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳು ನೋಡ್ಬೇಕು, ಹಂಗೆ."

"ಮಕ್ಕಳಿಲ್ಲ," ಅಂದ ಹಗ್ಗದವನು.

ಕಲ್ಲಿನವನು ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತು ಬಿಂದಿಗೆ ನೋಡಿದ. ಎದ್ದು ಹೋಗಿ ಗಾಡಿಯಿಂದ ಒಂದು ತಾಮ್ರದ ಕೊಡ ತಂದು ಜಗಲಿ ಮೇಲಿಟ್ಟ. ಅದಕ್ಕೆ ಬಿಗಿಯಾದ ಮುಚ್ಚಳ.

"ತಾಮ್ರ ಬೆವರಲ್ಲ," ಅಂದ. "ಒಂದು ಹನೀನೂ ಹೋಗಲ್ಲ. ಸುರಿಯೋ ದಿನ ಬಿಂದಿಗೇಲಿ ಒಂದು ಬೊಗಸೆ ಉಳಿಸ್ಕೊಂಡು ಅಷ್ಟೇ ಸುರಿ. ಬಾಕಿ ಇದರಲ್ಲಿ ಒಳಗಡೆ ಇರ್ಲಿ. ಕಟ್ಟಳೇಲಿ ಪೂರ್ತಿ ಸುರೀಬೇಕು ಅಂತ ಎಲ್ಲಿದೆ?"

ಹಗ್ಗದವನ ಕೈ ನಿಂತಿತು.

"ಆಸೆ ತೋರಿಸ್ತಿದ್ದೀನಿ ಅನ್ಕೋಬೇಡ. ತೋರಿಸ್ತಿರೋದು ನಿಜಾನೇ," ಅಂದ ಕಲ್ಲಿನವನು. "ನಮ್ಮವ್ವನ ಬಿಂದಿಗೆ ನಾನು ಪೂರ್ತಿ ಸುರಿದೆ. ಖಾಲಿ ಬಿಂದಿಗೆ ಹಿಡ್ಕೊಂಡು ಮನೆಗೆ ಬಂದ ಹೊತ್ತು ಇನ್ನೂ ಮರೆತಿಲ್ಲ."

ಅವನು ಹೋದಮೇಲೆ ಕೊಡ ಜಗಲಿಯಲ್ಲೇ ಉಳಿಯಿತು. ಹಗ್ಗದವನು ಅದನ್ನು ವಾಪಸು ಕಳಿಸಲಿಲ್ಲ. ಹುಣಿಸೆಹಣ್ಣು ಹಾಕಿ ತೊಳೆದ. ಒಳಗೆ ತಂದಿಟ್ಟ. ಮನಸ್ಸಿನಲ್ಲೇ ಗುತ್ತಿಗೆ ಕೊಟ್ಟೂ ಆಗಿತ್ತು.

ಆಮೇಲೆ ಗುದ್ದಲಿಯವಳು ಬಂದಳು. ಅವಳು ಬೀದಿಯಲ್ಲಿ ಬರಲಿಲ್ಲ, ಮೋರಿಯೊಳಗೇ ಬಂದಳು. ಕೆರೆಯಿಂದ ಶುರುಮಾಡಿ, ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ಕೊಚ್ಚೆಯಲ್ಲಿ ಮೇಲಕ್ಕೆ ನಡೆದು ಬಂದಳು. ಬೀದಿಯವರು ಮೂಗು ಮುಚ್ಚಿಕೊಂಡು ನೋಡಿದರು. ದೂರದೂರುಗಳ ಕಾಲುವೆಗಳಿಗೆಲ್ಲ ಅವಳ ಗುದ್ದಲಿಯ ಗುರುತಿತ್ತು. ಅದು ಅವಳಿಗೂ ಗೊತ್ತಿತ್ತು, ಎದುರಿಗಿದ್ದವರಿಗೂ ಗೊತ್ತಾಗುವಂತೆ ಮಾತಾಡುತ್ತಿದ್ದಳು.

"ಯಾರಪ್ಪ ಮನೇಲಿ? ಒಂದು ತಂಬಿಗೆ ನೀರು ಕೊಡಿ."

ಕುಡಿಯೋಕೆ ಅಂತ ಹಗ್ಗದವನು ತಂದುಕೊಟ್ಟ. ಅವಳು ಕಾಲಲ್ಲಿ ಹೂಳು ಸರಿಸಿ, ಕಲ್ಲಿನ ತಳ ಕಾಣುವಂತೆ ಮಾಡಿ, ನೀರನ್ನು ಅಲ್ಲಿ ಹೊಯ್ದಳು. ನೀರು ಕೆಳಬೀದಿಯ ಕಡೆಗೆ ಒಂದು ಗೇಣು ಹೋಯಿತು. ನಿಂತಿತು. ತಿರುಗಿ ಅವಳ ಕಾಲಿಗೇ ಬಂತು.

"ನೋಡಿದ್ಯಾ? ವಾಟ ತಿರುಗಿದೆ. ಇಲ್ಲಿ ತಳ ಮೇಲಕ್ಕೆ ಹತ್ತುತ್ತೆ, ಉಬ್ಬು. ಕಟ್ಟಿದವನು ಹೆಂಡ ಕುಡಿದು ಕಟ್ಟಿದ್ದಾನೆ."

ತಮಟೆಯ ಸಾರುವವನು ಅಲ್ಲೇ ನಿಂತಿದ್ದ. ಎರಡೂ ಕೆನ್ನೆ ಬಡಿದುಕೊಂಡ. "ಅಮ್ಮಾ ತಾಯಿ, ಅದು ಹಿರಿಯರ ಮೋರಿ! ಊರಲ್ಲಿ ಎಂದೂ ಕಟ್ಟದೆ ಓಡಿದ್ದು ಅದೊಂದೇ. ಯಾರನ್ನ ಬೇಕಾದ್ರೂ ಕೇಳು."

"ಓಡಿತ್ತಾ?" ಅಂದಳು. ಬಗ್ಗಿ ತಳಕ್ಕೆ ಅಂಗೈ ಹಚ್ಚಿದಳು. ಅಂಗೈ ಅಲ್ಲೇ ಬಹಳ ಹೊತ್ತು ಓಡಾಡಿತು. ಅವಳ ದನಿ ಇಳಿಯಿತು. "ಓಡಿದೆ. ನುಣ್ಣಗಾಗಿದೆ. ಆದ್ರೆ ಇದು ನೀರು ಸವೆಸಿದ್ದಲ್ಲ. ಯಾರೋ ಎಳೆದೂ ಎಳೆದೂ ಸವೆಸಿದ್ದಾರೆ. ಮೇಲಿಂದ ಬಂದ ನೀರನ್ನೆಲ್ಲ ಕೈಯಲ್ಲಿ ಈ ಉಬ್ಬು ಹತ್ತಿಸಿದ್ದಾರೆ."

ಚಪ್ಪಡಿಯ ಕೆಳಗೆ ಗೋಡೆಗೆ ಒಂದು ಬಿರುಕು. ಅದರಲ್ಲಿ ಅವಳ ಬೆರಳಿಗೆ ಏನೋ ಸಿಕ್ಕಿತು. ಎಳೆದು ಹೊರಗೆ ಹಿಡಿದಳು. ತೆಂಗಿನ ಚಿಪ್ಪು. ಒಂದು ಕಡೆಯ ಅಂಚು ತೆಳ್ಳಗೆ ಎಲೆಯ ಹಾಗೆ ಸವೆದಿತ್ತು. ಒಳಗೆ ಇನ್ನೂ ಕುಂಕುಮದ ಕಲೆ.

"ಯಾರದಪ್ಪ ಇದು?"

ಹಗ್ಗದವನು ಇಸಿದುಕೊಂಡ. ಬಲಗೈಯಲ್ಲಿ ಹಿಡಿದರೆ ಅದು ಕೂರಲಿಲ್ಲ. ಎಡಗೈಗೆ ಬದಲಿಸಿದ. ಸವೆದ ಅಂಚು ನೆಲಕ್ಕೆ ಸರಿಯಾಗಿ ಬಂತು.

ಅವನ ಹೆಂಡತಿ ಎಡಚಿ. ಮುದ್ದೆ ತಿರುವುವ ಕೋಲೂ ಹೀಗೇ ಒಂದು ಕಡೆ ಸವೆದಿತ್ತು.

"ನಮ್ಮವಳದು," ಅಂದ.

"ದಿನಾನಾ?"

"ಬೆಳಿಗ್ಗೆ ಬೆಳಿಗ್ಗೆ. ನಾನು ಹಿತ್ತಲಲ್ಲಿರ್ತಿದ್ದೆ."

"ಮೇಲುಬೀದಿ ನೀರು ಅಷ್ಟೂನೂ?"

ಅವನು ಚಿಪ್ಪಿನ ಸವೆದ ಅಂಚಿನ ಮೇಲೆ ಬೆರಳಾಡಿಸಿದ. ಗುದ್ದಲಿಯವಳು ಕೊಚ್ಚೆಯ ಕೈಯನ್ನು ಸೀರೆಗೆ ಒರೆಸಿಕೊಂಡಳು. ಮೋರಿಯ ತಳ ಮುಟ್ಟಿ ಹಣೆಗೆ ಒತ್ತಿಕೊಂಡಳು.

"ನಾನು ಎಷ್ಟೋ ನೀರು ಹರಿಸಿದ್ದೀನಿ," ಅಂದಳು. "ಇಳಿಜಾರು ಮಾಡಿಕೊಂಡು ಹರಿಸಿದ್ದೀನಿ. ಏರಿಗೆ ಹರಿಸಿದ್ದು ಇಲ್ಲ. ಇಷ್ಟು ದೊಡ್ಡ ಕೆಲಸಗಾರ್ತಿ ಮನೆ ಮುಂದೆ ನಿಂತು ನಿಮ್ಮೂರವರು ಯಾರಿಗೋ ಕೈ ಮುಗೀತಿದ್ರಲ್ಲಯ್ಯ!"

ಸಾರುವವನು ತಮಟೆಯನ್ನು ಬೆನ್ನ ಹಿಂದೆ ಸರಿಸಿಕೊಂಡ.

ಆಮೇಲೆ ಅವಳು ತನ್ನ ಕೆಲಸ ಹೇಳಿದಳು. ಉಬ್ಬು ಕಡಿಯಬೇಕು. ಚಪ್ಪಡಿ ಹೋಗುತ್ತದೆ. ಹಗ್ಗದವನ ಮನೆಯ ಮೆಟ್ಟಿಲೂ ಹೋಗುತ್ತದೆ. ಅವನ ಹೆಂಡತಿ ಕೂತು ನೀರು ದಾಟಿಸುತ್ತಿದ್ದ ಮೆಟ್ಟಿಲು. ಕೆರೆಗೆ ಮುಂಚೆ ಒಂದು ಹೊಂಡ ತೋಡಿ, ಸುತ್ತ ಜೊಂಡು ಬೆಳೆಸಬೇಕು. ನೀರು ಅಲ್ಲಿ ಸ್ವಲ್ಪ ಹೊತ್ತು ಕೂತು, ಕೊಳೆ ಇಳಿಸಿ, ತಿಳಿಯಾಗಿ ಕೆರೆಗೆ ಹೋಗಬೇಕು.

"ಕೂರಬೇಕು ಕಣಪ್ಪ ನೀರೂನೂ. ಆದ್ರೆ ಕೂರೋ ಜಾಗದಲ್ಲಿ ಕೂರಬೇಕು. ಬಾಗಿಲಲ್ಲಿ ಕೂರಬಾರದು."

ಅವಳು ಮೋರಿಯ ಬಗ್ಗೆಯೇ ಹೇಳಿದ್ದು. ಹಗ್ಗದವನು ಬಿಂದಿಗೆಯ ಕಡೆ ನೋಡಿದ.

"ಇನ್ನೊಂದು ಮಾತು. ಗುತ್ತಿಗೆ ನನಗೆ ಕೊಟ್ರೆ ಬಿಂದಿಗೆ ಪೂರ್ತಿ ಸುರೀಬೇಕು. ಬೊಗಸೆ ನೀರು ಕೆರೆ ಮುಟ್ಟಲ್ಲ. ಪೂರ್ತಿ ಸುರಿದ್ರೂ ಇಲ್ಲಿ ಬಂದು ನಿಲ್ಲುತ್ತೆ, ಉಬ್ಬಿದೆಯಲ್ಲ. ಸುರಿಯೋಕೆ ಮುಂಚೆ ನಾನು ಗುದ್ದಲಿ ಹಾಕೋ ಹಂಗಿಲ್ಲ. ಇದೆಂಥ ಕಟ್ಟಳೆಯೋ! ನಿನ್ನ ನೀರೂ ಹೋಗಿ ನನ್ನ ಕೆಲಸಾನೂ ಹೋಗಬಹುದು. ಇದ್ದದ್ದು ಹೇಳಿದ್ದೀನಿ. ಬೇಡಿಕೊಳ್ಳಲ್ಲ."

ಬಂದ ಹಾಗೆಯೇ ಮೋರಿಯಲ್ಲಿ ಇಳಿದು ಹೋದಳು.

ಹಗ್ಗದವನು ಆ ದಿನ ಹಗ್ಗ ಹೊಸೆಯಲಿಲ್ಲ. ತಾಮ್ರದ ಕೊಡವನ್ನು ಬಿಂದಿಗೆಯ ಪಕ್ಕ ಇಟ್ಟುಕೊಂಡು ಕೂತ. ಒಂದು ಬಗ್ಗಿಸಿದರೆ ಇನ್ನೊಂದು ತುಂಬುತ್ತದೆ. ಬಗ್ಗಿಸಲು ಬಿಂದಿಗೆ ಎತ್ತಿದ. ಬೆವರಿದ ಬಿಂದಿಗೆ, ಕೈ ಒದ್ದೆಯಾಯಿತು. ಊರಿನವರ ನೀರನ್ನೆಲ್ಲ ನಡಿ ನಡಿ ಅಂತ ಸಾಗಹಾಕಿದವಳು ಅವಳು. ಅವಳ ನೀರನ್ನು ತಾನು ಬಾಗಿಲಲ್ಲಿ ಕೂರಿಸಿಕೊಂಡಿದ್ದೇನೆ. ಅವಳಿದ್ದಿದ್ದರೆ ಏನನ್ನುತ್ತಿದ್ದಳು ಅನ್ನುವುದು ಅವನಿಗೆ ಗೊತ್ತಿತ್ತು. ಇಷ್ಟು ವರ್ಷ ಹಿತ್ತಲಿಗೆ ಕೇಳಿಸಿದ್ದು ಅದೇ ಮಾತು.

ಬಿಂದಿಗೆಯನ್ನು ಇದ್ದಲ್ಲಿಯೇ ಇಟ್ಟ. ತಾಮ್ರದ ಕೊಡ ಹೊತ್ತುಕೊಂಡು ಹೋಗಿ ಕಲ್ಲಿನವನಿಗೆ ಕೊಟ್ಟ.

"ಯೋಚನೆ ಮಾಡು," ಅಂದ ಕಲ್ಲಿನವನು.

"ಮಾಡಿದೆ."

ಸುರಿಯುವ ದಿನ ಬೆಳಗಾಯಿತು. ಊರವರು ಗುದ್ದಲಿ ಮುಟ್ಟದೆ ಕೈಯಲ್ಲೇ ಮೋರಿಯ ಹೂಳು ಎತ್ತಿದ್ದರು. ಊರೆಲ್ಲ ಬಾಗಿಲಲ್ಲಿ, ಕೈಯಲ್ಲಿ ತಂಬಿಗೆ. ಗುದ್ದಲಿಯವಳು ಮೋರಿಯ ಬಾಯಲ್ಲಿ ಬೊಗಸೆ ಒಡ್ಡಿ ಕೂತಿದ್ದಳು. ಕೆರೆ ಅವಳ ಬೆನ್ನ ಹಿಂದೆ ಬೆಳ್ಳಗಿತ್ತು.

ಹಗ್ಗದವನು ಬಿಂದಿಗೆಯನ್ನು ಹೆಗಲ ಮೇಲೆ ಹೊತ್ತು ಮೇಲುಬೀದಿಗೆ ನಡೆದ. ಇಳಿಸಿದ. ಬಗ್ಗಿಸಿದ. ನೀರು ಬಿತ್ತು. ಇಷ್ಟು ದಿನ ಒರೆಸಿ ಒರೆಸಿ ಕಾದದ್ದು ಒಂದು ಉಸಿರಿನಲ್ಲಿ ಖಾಲಿಯಾಯಿತು.

ಹಳದಿ ಗೆರೆ ಮೋರಿಯಲ್ಲಿ ಹೊರಟಿತು. ಅವನು ಅದರ ಮುಂದೆ ನಿಂತ. ಅದಕ್ಕೆ ಮುಖ ಮಾಡಿ, ಹಿಂದೆ ಹಿಂದೆ ನಡೆದ. ಅವನಿಗೆ ಬರುತ್ತಿದ್ದ ನಡಿಗೆ ಅದೇ. ಕಣ್ಣೆದುರು ಗೆರೆ ಉದ್ದವಾಗುತ್ತ ಬಂತು, ಹಗ್ಗದ ಹಾಗೆ. ಮೇಲುಬೀದಿಯವರು ಒಬ್ಬೊಬ್ಬರೇ ತಂಬಿಗೆ ಬಗ್ಗಿಸಿದರು.

"ಹೋಗಿ ಬಾ ತಾಯಿ."

"ನಮ್ಮ ನೀರೆಲ್ಲ ನೀನೇ ದಾಟಿಸ್ದೆಯಂತೆ. ಹೋಗಿ ಬಾರವ್ವ."

ಗುದ್ದಲಿಯವಳ ಮಾತು ಅಷ್ಟರಲ್ಲಿ ಊರೆಲ್ಲ ಸುತ್ತಿತ್ತು. ಸಾರುವವನು ತಮಟೆ ಇಲ್ಲದೆಯೇ ಮನೆ ಮನೆಗೆ ಹೇಳಿ ಬಂದಿದ್ದ.

ನಡುಬೀದಿ ಬಂತು. ಹಗ್ಗದವನ ಮನೆ ಬಂತು. ನೀರು ಮೆಟ್ಟಿಲ ಮುಂದೆ ಬಂದು ನಿಂತಿತು.

ಹಿಂದಿನಿಂದ ಬಂದ ನೀರೂ ನಿಂತಿತು. ಹಳದಿ ಅಲ್ಲೇ ಮಡುಗಟ್ಟಿತು. ಮುಂದೆ ಒಣಕಲ್ಲು. ಕೆಳಬೀದಿಯಲ್ಲಿ ಯಾರೋ ಅತ್ತ ಸದ್ದಾಯಿತು.

"ನಿಂತಿತು," ಅಂದ ಸಾರುವವನು. "ನಿಂತಿತಪ್ಪ. ಕಟ್ಟಳೆ ಪ್ರಕಾರ..."

ಹಗ್ಗದವನು ಮೆಟ್ಟಿಲ ಮೇಲೆ ಕೂತ. ಸೊಂಟದಿಂದ ಚಿಪ್ಪು ತೆಗೆದ. ಎಡಗೈಗೆ ಹಿಡಿದು ನೀರನ್ನು ಮುಂದಕ್ಕೆ ತಳ್ಳಿದ. ನೀರು ಉಬ್ಬು ಹತ್ತಿತು, ತಿರುಗಿ ಬಂತು. ಮತ್ತೆ ತಳ್ಳಿದ. ಮತ್ತೆ ಬಂತು. ಅವನಿಗೆ ಎಡಗೈ ರೂಢಿಯಿಲ್ಲ. ಅರ್ಧ ನೀರು ಅವನ ಎದೆಗೇ ಹಾರಿತು.

"ಕೈ ಹಚ್ಚೋ ಹಂಗಿಲ್ಲವಲ್ಲಪ್ಪ," ಅಂದ ಸಾರುವವನು ಮೆಲ್ಲಗೆ.

ಕೆಳಬೀದಿಯ ಮುದುಕಿ ಹತ್ತಿ ಬಂದು ಕೋಲು ಕುಟ್ಟಿದಳು. "ಗುದ್ದಲಿ ಹಾಕಬಾರದು ಅಂತಿದೆ ಕಣೋ. ಚಿಪ್ಪು ಹಾಕಬಾರದು ಅಂತ ಯಾವ ತಮಟೇಲಿ ಬಡಿದಿದ್ದೆ? ನಿಮ್ಮ ಹಿರಿಯರ ಮೋರಿ ಇಷ್ಟು ವರ್ಷ ಓಡಿದ್ದು ಇದೇ ಚಿಪ್ಪಲ್ಲಿ. ಬಾಯಿ ಮುಚ್ಕೊಂಡು ನೀರು ಬಿಡು."

ಹಗ್ಗದವನಿಗೆ ಇದು ಯಾವುದೂ ಕೇಳಲಿಲ್ಲ. ಅವನು ನೀರಿನ ಹತ್ತಿರ ಬಗ್ಗಿದ್ದ.

"ನಡಿಯವ್ವ," ಅಂದ. "ನಡಿ."

ಚಿಪ್ಪನ್ನು ಮತ್ತೆ ನೀರಿಗಿಳಿಸಿದ.

"ಇಲ್ಲೇ ಕೂತ್ರೆ ಹೆಂಗೆ?"

ಕೈಗೆ ಅದು ಆಗ ಸಿಕ್ಕಿತು. ತಳ್ಳುವುದಲ್ಲ, ಎತ್ತಿ ಜಾರಿಸುವುದು. ಚಿಪ್ಪಿನ ತೆಳು ಅಂಚು ಕಲ್ಲಿನ ನುಣುಪಿನ ಮೇಲೆ ತನ್ನ ದಾರಿ ತಾನೇ ಹಿಡಿಯಿತು. ಹಳದಿ ನೀರು ಉಬ್ಬಿನ ನೆತ್ತಿಗೆ ಹೋಗಿ, ಒಂದು ಗಳಿಗೆ ತಡೆದು, ಆಚೆ ಇಳಿಯಿತು. ಹಿಂದೆಯೇ ಇನ್ನೊಂದು ಚಿಪ್ಪು ನೀರು. ಹಿಂದೆಯೇ ಇನ್ನೊಂದು.

ಪಕ್ಕದ ಮನೆಯವಳು ತಂಬಿಗೆ ಕೆಳಗಿಟ್ಟು ಮೋರಿಗಿಳಿದು ಅಂಗೈ ಹಚ್ಚಿದಳು. ಎದುರು ಮನೆಯವನು ಬಂದ. ಸಾರುವವನು ತಮಟೆ ಜಗಲಿಗೆ ಎಸೆದು ಕೂತ. ಕಲ್ಲಿನವನು ಎಲ್ಲಿದ್ದನೋ, ತಾಮ್ರದ ಕೊಡದ ತುಂಬ ಬಾವಿ ನೀರು ತಂದು, ಯಾರ ಮುಖವನ್ನೂ ನೋಡದೆ, ಹಿಂದಿನಿಂದ ಜೊತೆಗೆ ಬಿಟ್ಟ. ಕೆಳಬೀದಿಯವರು ತಂಬಿಗೆ ಹಿಡಿದು ಕಾದರು. ನೀರು ಅವರ ಮುಂದೆ ಹಾದಾಗ ಬಗ್ಗಿಸಿದರು, ಅಷ್ಟೇ.

ಕೆರೆಯ ಕಡೆಯಿಂದ ಗುದ್ದಲಿಯವಳ ಕೂಗು ಬಂತು.

"ಮುಟ್ತು! ಬೊಗಸೆ ಹಳದಿಯಾಯ್ತು!"

ಆ ಕೂಗು ಮನೆಯಿಂದ ಮನೆಗೆ ದಾಟಿ ಬೀದಿ ಹತ್ತಿ ಬಂತು. ಬರುವಷ್ಟರಲ್ಲಿ ಊರಿನ ಎಲ್ಲರ ಬಾಯಿಂದಲೂ ಬಂದಿತ್ತು.

ಮಳೆಗೆ ಮುಂಚೆ ಕೆಲಸ ಮುಗಿಯಿತು. ಗುದ್ದಲಿಯವಳು ಹೇಳಿದ್ದನ್ನೆಲ್ಲ ಮಾಡಿದಳು. ಉಬ್ಬು ಹೋಯಿತು, ಚಪ್ಪಡಿ ಹೋಯಿತು, ಮೆಟ್ಟಿಲು ಹೋಯಿತು. ಕೆರೆಯ ಮಗ್ಗುಲಲ್ಲಿ ಹೊಂಡ ಬಂತು, ಜೊಂಡು ಎದ್ದಿತು. ಮಳೆ ಬಂದಾಗ ಕೆಳಬೀದಿಯ ಒಲೆಗಳು ಉರಿದವು. ಕಪ್ಪೆ ಹೋ‌ದಮೇಲೆ ಮನೆ ಬಿಕೋ ಅಂತದೆ ಅಂತ ಮುದುಕಿ ಗೊಣಗಿದಳು.

ವರ್ಷದ ಪೂಜೆಯ ದಿನ ಊರಿನವರು ಕುಂಕುಮ ಹಿಡಿದು ಬಂದರು. ಇಡುವುದಕ್ಕೆ ಚಪ್ಪಡಿ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಕಾಯಿ ಒಡೆದು, ಹೋಳು ತಾವು ಹಂಚಿಕೊಂಡು, ಚಿಪ್ಪನ್ನು ಹಗ್ಗದವನ ಕೈಗೆ ಕೊಟ್ಟರು. ಈಗಲೂ ಹಾಗೇ ಮಾಡುತ್ತಾರೆ.

ಹಗ್ಗದವನು ಈಗ ಹಿತ್ತಲಲ್ಲಿ ಹಗ್ಗ ಹೊಸೆಯುವುದಿಲ್ಲ. ಬೀದಿಯಲ್ಲಿ, ಮೋರಿಯ ಪಕ್ಕ ಪಕ್ಕದಲ್ಲೇ ಹಿಂದೆ ಹಿಂದೆ ನಡೆಯುತ್ತಾನೆ. ಬೆಳಿಗ್ಗೆ ಮೇಲುಬೀದಿಯ ಮೊದಲ ನೀರು ಇಳಿದು ಬರುವ ಹೊತ್ತಿಗೆ ಕೈ ನಿಲ್ಲಿಸಿ ಬಾಗಿಲ ಮುಂದೆ ಬಂದು ಕೂರುತ್ತಾನೆ. ಎಡಗೈಯಲ್ಲಿ ಹಳೆಯ ಚಿಪ್ಪು ಇರುತ್ತದೆ.

ನೀರು ಬರುತ್ತದೆ. ನಡಿಯವ್ವ ಅನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ಅದು ಕೆಳಬೀದಿ ದಾಟಿರುತ್ತದೆ.